ಗಾಳಿ ಬೇಡದ ತೊಟ್ಟಿ

ಗಾಳಿ ಮೇಸ್ತ್ರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮುಚ್ಚಿದ ಕಿಟಕಿ ಕಂಡರೆ ಸಾಕು, ಅದು ಯಾರ ಮನೆಯದಾದರೂ ಸರಿ, ಎದ್ದು ಹೋಗಿ ತೆರೆದುಬಿಡುತ್ತಿದ್ದ. ಬಸ್ಸಿನಲ್ಲಿ ಮುಂದಿನ ಸೀಟಿನವರು ಚಳಿಯೆಂದು ಗಾಜು ಎಳೆದರೆ ಇವನು ಹಿಂದಿನಿಂದ ಕೈ ಹಾಕಿ ಮತ್ತೆ ಸರಿಸುತ್ತಿದ್ದ; ಜಗಳ ಹತ್ತಿ ಕಂಡಕ್ಟರು ಬಂದು ಬಿಡಿಸಿದ್ದೂ ಉಂಟು. ಮನೆಯಲ್ಲಿ ಹೆಂಡತಿ ಚಳಿಗಾಲವಿಡೀ ತಲೆಗೆ ಶಾಲು ಸುತ್ತಿಕೊಂಡೇ ಅಡುಗೆ ಮಾಡುತ್ತಿದ್ದಳು. "ನಾನು ಕಟ್ಟಿಕೊಂಡಿದ್ದು ಗಂಡನನ್ನೋ ಬಿರುಗಾಳಿಯನ್ನೋ ಇನ್ನೂ ಗೊತ್ತಾಗಿಲ್ಲ" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಅವನು ಮಾತ್ರ ನಗುತ್ತಿರಲಿಲ್ಲ.

ಅವನ ಕೆಲಸವೇ ಗಾಳಿಯದು. ಊರಿನ ಕೊಳಚೆ ನೀರನ್ನೆಲ್ಲ ಒಂದೆಡೆ ಕೂಡಿಸಿ ತಿಳಿಗೊಳಿಸುವ ಪ್ಲಾಂಟಿನಲ್ಲಿ ಬ್ಲೋವರುಗಳ ಉಸ್ತುವಾರಿ. ಹೊರಗಿನ ಗಾಳಿಯನ್ನು ಎಳೆದು, ದಪ್ಪ ಕೊಳವೆಗಳಲ್ಲಿ ನೂಕಿ, ತೊಟ್ಟಿಗಳ ತಳದಿಂದ ಗುಳ್ಳೆ ಗುಳ್ಳೆಯಾಗಿ ಬಿಡುವ ಕಬ್ಬಿಣದ ಯಂತ್ರಗಳು ಅವು. ನೀರಿನಲ್ಲಿರುವ ಬ್ಯಾಕ್ಟೀರಿಯಾಗಳು ಆ ಗಾಳಿ ಕುಡಿದು ಕೊಳೆ ತಿನ್ನುತ್ತವೆ. ಪ್ಲಾಂಟಿನವರ ಬಾಯಲ್ಲಿ ಅವಕ್ಕೆ ಹುಳ ಎಂದೇ ಹೆಸರು. "ಹುಳಕ್ಕೆ ಉಸಿರು ಕೊಡೋನು ನಾನು" ಎಂದು ಮೇಸ್ತ್ರಿ ಎದೆ ತಟ್ಟಿಕೊಳ್ಳುತ್ತಿದ್ದ. ಬ್ಲೋವರಿನ ಸದ್ದು ಒಂಚೂರು ಬದಲಾದರೂ ಊಟದ ಡಬ್ಬಿ ಬಿಟ್ಟು ಓಡುತ್ತಿದ್ದ.

ಇದರ ಹಿಂದೆ ಒಬ್ಬ ಅಣ್ಣನಿದ್ದ. ಅಣ್ಣ ತಮ್ಮ ಇಬ್ಬರೂ ಹರೆಯದಲ್ಲಿ ಬೇರೊಂದು ಊರಿನಲ್ಲಿ ಒಟ್ಟಿಗೇ ಈ ಕೆಲಸಕ್ಕೆ ಸೇರಿದವರು. ಒಂದು ದಿನ ನೆಲದಡಿಯ ಗುಂಡಿಯಲ್ಲಿ ಪಂಪು ಕಟ್ಟಿಕೊಂಡಿತು. ಗಾಳಿ ಬಿಡುವ ಫ್ಯಾನು ಲಾರಿಯಲ್ಲೇ ಇತ್ತು. ಇಳಿಸುವುದಕ್ಕೆ ಅಂದಿನ ಮೇಲ್ವಿಚಾರಕನಿಗೆ ಬೇಸರ. "ಎರಡೇ ನಿಮಿಷದ ಕೆಲಸ, ಇಳಿಯಯ್ಯ" ಅಂದ. ಅಣ್ಣ ಇಳಿದ, ಏಣಿಯ ಕೊನೆಯ ಮೆಟ್ಟಿಲಲ್ಲಿ ಒಮ್ಮೆ ಮೇಲೆ ನೋಡಿದ, ಕುಸಿದ. ಅವನನ್ನು ಎತ್ತಲು ಹಾರಿದ ಇನ್ನೊಬ್ಬನೂ ಮೇಲೆ ಬರಲಿಲ್ಲ. ಹೃದಯ ನಿಂತು ಸಾವು ಎಂದು ಕಾಗದದಲ್ಲಿ ಬರೆದುಕೊಟ್ಟರು. "ಹೃದಯ ನಿಲ್ಲದೆ ಯಾರು ಸತ್ತಿದಾರೆ ತೋರಿಸಿ ನೋಡೋಣ!" ಎಂದು ಮೇಸ್ತ್ರಿ ಆ ಕಚೇರಿಯ ಮೇಜು ಗುದ್ದಿದ್ದ. ಮೇಜು ಗುದ್ದಿದ್ದಕ್ಕೆ ಅವನಿಗೇ ಎಚ್ಚರಿಕೆ ಕೊಟ್ಟು ಕಳಿಸಿದರು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ; ಹೇಳುವ ನನಗೇ ಹೀಗಾದರೆ ಅವನಿಗೆ ಹೇಗಾಗಿರಬೇಡ?

ಇಂಥವನ ಮುಂದೆ ಬಂದು ಲ್ಯಾಬಮ್ಮ ಒಂದು ದಿನ, ಗಾಳಿಯೇ ಬೇಡದ ಹುಳಗಳನ್ನು ಸಾಕುತ್ತೇನೆ ಅಂದಳು.

ಲ್ಯಾಬಮ್ಮ ಎಂದರೆ ಪ್ಲಾಂಟಿನ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುವ ಹೆಂಗಸು. ವಯಸ್ಸಿನಲ್ಲಿ ಮೇಸ್ತ್ರಿಗಿಂತ ಬಹಳ ಚಿಕ್ಕವಳು, ಆದರೂ ಎಲ್ಲರಿಗೂ ಅಮ್ಮ. ಮಾತು ಕಡಿಮೆ, ಹಟ ಜಾಸ್ತಿ. ಬ್ಲೋವರ್ ಕೋಣೆಯ ಬಾಗಿಲಲ್ಲಿ ನಿಂತು ಅವಳು ಬಿಡಿಸಿ ಹೇಳಿದಳು: "ಊರಿನ ನೀರಲ್ಲಿ ಅಮೋನಿಯಂ ಇರತ್ತಲ್ಲ ಮೇಸ್ತ್ರಿ, ಮೂತ್ರದಿಂದ ಬರೋದು. ಅದು ಹಾಗೇ ಹೊಳೆಗೆ ಹೋದ್ರೆ ಮೀನು ಉಳಿಯಲ್ಲ. ಅದನ್ನ ಕಳೆಯೋಕೆ ನಾವು ಹಗಲೂ ರಾತ್ರಿ ಗಾಳಿ ಊದ್ತೀವಿ. ಇನ್ಮೇಲೆ ಅಷ್ಟು ಊದೋದು ಬೇಡ. ಮೊದಲನೇ ತೊಟ್ಟೀಲಿ ಅರ್ಧ ಗಾಳಿ ಬಿಡೋಣ. ಅರ್ಧ ಅಮೋನಿಯಂ ನೈಟ್ರೈಟ್ ಆಗತ್ತೆ. ಆ ನೀರನ್ನ ಎರಡನೇ ತೊಟ್ಟಿಗೆ ಬಿಟ್ಟು ಮುಚ್ಚಿಬಿಡೋಣ. ಅಲ್ಲಿ ನಾನು ಸಾಕೋ ಕೆಂಪು ಬ್ಯಾಕ್ಟೀರಿಯಾ ಇರತ್ತೆ. ಉಳಿದ ಅಮೋನಿಯಮ್ಮನ್ನೂ ಈ ನೈಟ್ರೈಟನ್ನೂ ಒಂದಕ್ಕೊಂದು ಜೋಡಿಸಿ ನೈಟ್ರೋಜನ್ ಮಾಡಿ ಮೇಲಕ್ಕೆ ಬಿಟ್ಟುಬಿಡತ್ತೆ."

"ಗಾಳಿ ಇಲ್ದೆ?"

"ಗಾಳಿ ಇದ್ರೆ ಅವು ಕೆಲ್ಸಾನೇ ಮಾಡಲ್ಲ. ಜಾಸ್ತಿ ಆದ್ರೆ ಸತ್ತೇ ಹೋಗ್ತವೆ. ನಮಗೆ ಗಾಳಿ ಮಾಡೋ ಕೆಲಸನ ಅವಕ್ಕೆ ನೈಟ್ರೈಟೇ ಮಾಡತ್ತೆ. ಇನ್ನೊಂದು ಗೊತ್ತಾ? ಅವುಗಳ ಮೈಯೊಳಗೆ ಒಂದು ಪುಟ್ಟ ಕೋಣೆ ಇದೆ. ಈ ಕೆಲಸದ ಮಧ್ಯೆ ಅಲ್ಲಿ ರಾಕೆಟ್ಟಿಗೆ ಹಾಕೋ ಇಂಧನ ತಯಾರಾಗತ್ತೆ."

"ಹೂಂ, ಇನ್ನೇನು, ನಾಳೆ ನಮ್ಮ ಕಕ್ಕಸಿನ ನೀರು ಚಂದ್ರಲೋಕಕ್ಕೆ ಹೋಗತ್ತೆ ಅನ್ನಿ!" ಎಂದ ಮೇಸ್ತ್ರಿ, ಮುಖ ಗಂಟಿಕ್ಕಿಕೊಂಡು. ನಗು ಬರುವ ಮಾತೇ, ಆದರೆ ಅವನು ನಗಿಸಲು ಹೇಳಿರಲಿಲ್ಲ. ಅರ್ಧ ಗಾಳಿಯಂತೆ! ಮನೆಗೆ ಹೋದವನೇ ಹೆಂಡತಿಯ ಮೇಲೆ ಹರಿಹಾಯ್ದ. "ಉಸಿರು ಸಿಗದೆ ನಮ್ಮಣ್ಣ ಸತ್ತ. ಈ ದರಿದ್ರ ಹುಳಕ್ಕೆ ಉಸಿರೇ ಬೇಡ್ವಂತೆ! ಏನು ಕೊಬ್ಬು ನೋಡು ಅದಕ್ಕೆ!"

"ಹುಳದ ಮೇಲೆ ಏನ್ರೀ ನಿಮ್ಮ ಸಿಟ್ಟು?" ಅಂದಳು ಅವಳು. "ಹೋಗಲಿ, ಅದಕ್ಕೆ ಕಿಟಕಿ ತೆಗೆಯೋ ಗಂಡ ಸಿಕ್ಕಿಲ್ಲ, ಪುಣ್ಯ ಮಾಡಿತ್ತು."

ಕೆಂಪು ಹುಳದ ಬೀಜ ದೂರದ ಇನ್ನೊಂದು ಪ್ಲಾಂಟಿನಿಂದ ಬಂತು. ಮುಚ್ಚಳ ಬಿಗಿದ ಡ್ರಮ್ಮಿನಲ್ಲಿ ದಾಳಿಂಬೆ ಕಾಳಿನ ಹಾಗೆ ಕೆಂಪು ಕೆಂಪು ಹರಳು. ಲ್ಯಾಬಮ್ಮ ಅದನ್ನು ಶೆಡ್ಡಿನಲ್ಲಿಟ್ಟು, ಬೆಚ್ಚಗೆ ಹೊದಿಸಿ, ರಜೆಯ ದಿನ ಮನೆಗೆ ಹೋದಳು. ಆ ದಿನ ಪಾಳಿಯಲ್ಲಿದ್ದ ಮೇಸ್ತ್ರಿ ಶೆಡ್ಡಿನ ಮುಂದೆ ನಾಲ್ಕಾರು ಸಲ ಓಡಾಡಿದ. ಬಿಗಿದ ಮುಚ್ಚಳ ನೋಡಿದ. ಅವಳು ಹೇಳಿದ್ದು ನೆನಪಿರಲಿಲ್ಲ ಎಂದಲ್ಲ, ನಂಬಿಕೆ ಬಂದಿರಲಿಲ್ಲ. ಯಾವ ಜೀವವಾದರೂ ಮುಚ್ಚಿಟ್ಟರೆ ಒದ್ದಾಡದೆ ಇರುತ್ತದೆಯೇ? ಓದಿದವರು ಏನೋ ಹೇಳುತ್ತಾರೆ, ಸಾಯುವುದು ಮಾತ್ರ ಒಳಗಿರುವವನು! ಮುಚ್ಚಳ ಸಡಿಲಿಸಿ ಸಣ್ಣ ಗಾಳಿ ಕೊಳವೆಯೊಂದನ್ನು ಒಳಗೆ ಬಿಟ್ಟ. ಗುಳ್ಳೆ ಎದ್ದಿತು. ಮೇಸ್ತ್ರಿಗೆ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನ.

ಲ್ಯಾಬಮ್ಮ ಬಂದು ನೋಡಿದಾಗ ಡ್ರಮ್ಮಿನಲ್ಲಿ ಕೆಂಪು ಹೋಗಿ ಕೆಸರು ಬಣ್ಣ ಬಂದಿತ್ತು. ಅವಳು ಕೂಗಾಡಲಿಲ್ಲ. ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತು ಡ್ರಮ್ಮಿನೊಳಗೆ ನೋಡುತ್ತಲೇ ಇದ್ದಳು. "ಬೇರೆ ಹುಳಗಳು ಅರ್ಧ ಗಂಟೆಗೆ ಎರಡರಷ್ಟಾಗ್ತವೆ ಮೇಸ್ತ್ರಿ. ಇವಕ್ಕೆ ಎರಡು ವಾರ ಬೇಕು. ಇಷ್ಟು ಬೆಳೆಯೋಕೆ ಎಷ್ಟು ದಿನ ಹಿಡಿದಿತ್ತು ಗೊತ್ತಾ?" ಎಂದಷ್ಟೇ ಅಂದಳು. ಬೈದಿದ್ದರೆ ಮೇಸ್ತ್ರಿ ತಿರುಗಿ ಬೈಯುತ್ತಿದ್ದ. ಹೀಗೆ ಕೂತವಳನ್ನು ಏನು ಮಾಡುವುದು? ಬಗ್ಗಿ ಗಾಳಿ ಕೊಳವೆಯನ್ನು ಹೊರಗೆಳೆದು ಸುತ್ತಿಟ್ಟ.

ಎರಡನೇ ಸಲ ಬೀಜ ತರಿಸಿದಾಗ ಲ್ಯಾಬಮ್ಮ ಒಂದು ಷರತ್ತು ಹಾಕಿದಳು. ಅವಳಿಗೆ ಬಿಟ್ಟುಕೊಟ್ಟಿದ್ದು ಹಳೆಯ ಗಾಳಿತೊಟ್ಟಿ. ಅದರ ತಳದಲ್ಲಿ ಮೇಸ್ತ್ರಿ ತನ್ನ ಕೈಯಾರೆ ಹಾಸಿದ್ದ ಗಾಳಿ ಕೊಳವೆಗಳು ಹಾಗೇ ಇದ್ದವು. ಅವನ್ನು ಕತ್ತರಿಸಿ ಬೆಸುಗೆ ಹಾಕಿ ಮುಚ್ಚಬೇಕು ಅಂದಳು. "ನನ್ನ ಕೊಳವೆ ಕತ್ತರಿಸೋಕೆ ಬಿಡಲ್ಲ, ಬೇಕಾದ್ರೆ ನನ್ನ ಕತ್ತು ಕತ್ತರಿಸಿ" ಎಂದು ಅವನು ಅಡ್ಡ ನಿಂತ. ಕೊನೆಗೆ ರಾಜಿಯಾಯಿತು. ಕೊಳವೆ ಇರಲಿ, ವಾಲ್ವಿನ ಹಿಡಿಕೆ ಬಿಚ್ಚಿ ಲ್ಯಾಬಮ್ಮನ ಡ್ರಾಯರಿನಲ್ಲಿ ಬೀಗ ಹಾಕಿಡುವುದು. ಕೈತುಂಬ ಹಿಡಿಯುವ, ಚಕ್ರದಂಥ ಕಬ್ಬಿಣದ ಹಿಡಿಕೆ. ಅದನ್ನು ತಾನೇ ಬಿಚ್ಚಿ ಅವಳ ಕೈಗೆ ಕೊಡುವಾಗ ಮೇಸ್ತ್ರಿಗೆ ನಾಲ್ಕು ಜನರ ಮುಂದೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಯಿತು. ತೊಟ್ಟಿಯ ಗೋಡೆಯ ಮೇಲೆ ಅವಳು ದಪ್ಪ ಅಕ್ಷರದಲ್ಲಿ ಬರೆಸಿದಳು: ಈ ತೊಟ್ಟಿಗೆ ಗಾಳಿ ಬಿಡಬಾರದು.

ಅವನು ಆ ಗೋಡೆಯ ಕಡೆ ನೋಡುವುದನ್ನೇ ಬಿಟ್ಟ. ಆದರೆ ಎಷ್ಟು ದಿನ ಮುಖ ತಿರುಗಿಸಿಕೊಂಡು ಓಡಾಡಲಾದೀತು? ತಿಂಗಳುಗಳು ಕಳೆದವು. ಹುಳ ಬೆಳೆಯಿತು, ನಿಧಾನಕ್ಕೆ, ಬಹಳ ನಿಧಾನಕ್ಕೆ. ತೊಟ್ಟಿಯಿಂದ ಹೊರಬರುವ ನೀರಿನಲ್ಲಿ ಅಮೋನಿಯಂ ಕಡಿಮೆಯಾಗುತ್ತ ಬಂತು. ಮುಚ್ಚಳದ ಕಿಂಡಿಯಲ್ಲಿ ಟಾರ್ಚು ಬಿಟ್ಟರೆ ಕಲಕುವ ರೆಕ್ಕೆಯ ಸುತ್ತ ಕೆಂಪು ಹರಳುಗಳು ಏಳುತ್ತ ಇಳಿಯುತ್ತ ಸುತ್ತುವುದು ಕಾಣುತ್ತಿತ್ತು. ಲ್ಯಾಬಮ್ಮನಿಗೆ ಜ್ವರ ಬಂದ ವಾರ, "ಕೆಂಪು ಹೇಗಿದೆ ನೋಡಿ ಹೇಳ್ತೀರಾ?" ಎಂದು ಅವಳು ಫೋನು ಮಾಡಿದ್ದು ಮೇಸ್ತ್ರಿಗೇ. "ಹಾಳಾದ್ದು, ಚೆನ್ನಾಗೇ ಇದೆ. ನಿಮ್ಮ ಜ್ವರ ಹೇಗಿದೆ ತಾಯಿ?" ಎಂದು ಅವನು ಕಿರುಚಿದ. ಅವನು ಫೋನಿನಲ್ಲಿ ಮಾತಾಡುವುದೇ ಹಾಗೆ.

ಕೆಂಪು ತೊಟ್ಟಿಯ ಸುದ್ದಿ ಮೇಲಿನವರೆಗೆ ಹೋಯಿತು. ನೋಡಲು ದೊಡ್ಡವರ ತಂಡ ಬರುತ್ತದೆ ಎಂದಾಯಿತು. ಅಲ್ಲಿಂದ ಶುರುವಾಯಿತು ನೋಡಿ ಮ್ಯಾನೇಜರನ ಕುಣಿತ. ಅಲ್ಲಿಯವರೆಗೆ ತೊಟ್ಟಿಯ ಹತ್ತಿರ ಮೂಗು ಮುಚ್ಚಿಕೊಂಡೂ ಸುಳಿಯದವನು ಈಗ "ನಮ್ಮ ಕೆಂಪು ಬ್ಯಾಕ್ಟೀರಿಯಾ" ಎನ್ನತೊಡಗಿದ. ಕಾಂಪೌಂಡಿಗೆ ಸುಣ್ಣ, ದಾರಿಯುದ್ದಕ್ಕೂ ಹೂಕುಂಡ, ತೊಟ್ಟಿಯ ಮುಚ್ಚಳಕ್ಕೆ ನೀಲಿ ಬಣ್ಣ. ಸಭಾಂಗಣದ ಬಣ್ಣ ಬೇಗ ಒಣಗಲೆಂದು, ಗುಂಡಿಗೆ ಇಳಿಯುವ ಮುನ್ನ ಗಾಳಿ ಬಿಡುವ ಫ್ಯಾನನ್ನು ಅಲ್ಲಿಗೆ ಹೊತ್ತೊಯ್ದು ಎಡೆಬಿಡದೆ ಓಡಿಸಿದರು. ಗೋಡೆ ಒಣಗಿತು, ಫ್ಯಾನು ಸುಟ್ಟುಹೋಯಿತು. ಮನುಷ್ಯರ ಪ್ರಾಣಕ್ಕೆಂದು ಇಟ್ಟ ಫ್ಯಾನು ಗೋಡೆಯ ಅಲಂಕಾರಕ್ಕೆ! ಮೇಸ್ತ್ರಿ ಕೂಗಾಡಿದ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರೀ" ಅಂದ ಮ್ಯಾನೇಜರ್.

ದೊಡ್ಡವರು ಬರುವ ದಿನ ಬೆಳಿಗ್ಗೆ ಕೆಂಪು ತೊಟ್ಟಿಯ ಕಲಕುವ ರೆಕ್ಕೆ ನಿಂತುಹೋಯಿತು. ಏನೋ ಸುತ್ತಿಕೊಂಡಿದೆ. ಹರಳುಗಳೆಲ್ಲ ತಳಕ್ಕೆ ಕೂತು ಮೇಲೆ ಬರೀ ನೀರು ಕಾಣುತ್ತಿತ್ತು. ಮ್ಯಾನೇಜರ್ ಮೊಣಕಾಲು ಮುಳುಗುವಷ್ಟು ಬಿಟ್ಟು ಉಳಿದ ನೀರನ್ನೆಲ್ಲ ಪಕ್ಕದ ತೊಟ್ಟಿಗೆ ಹಾಯಿಸಿ, ಮುಚ್ಚಳ ಎತ್ತಿಸಿ, ಏಣಿ ಇಳಿಬಿಡಿಸಿದ. ಇಳಿಯಲು ಕರೆಸಿದ್ದು ಕೊಕ್ಕರೆಯನ್ನು. ಕೊಕ್ಕರೆ ಎಂದರೆ ಗುತ್ತಿಗೆಯ ಕ್ಲೀನರು. ಉದ್ದ ಕಾಲು, ಸಣ್ಣ ತಲೆ, ಎರಡು ಮಕ್ಕಳ ತಂದೆ, ಯಾರು ಏನು ಹೇಳಿದರೂ ಆಯ್ತು ಎನ್ನುವ ಪ್ರಾಣಿ. ಹಣೆಬರಹ ಇವತ್ತೇ ಬದಲಾಗುತ್ತದೆ ಎಂಬ ಹುರುಪಿನಲ್ಲಿ ಪ್ಯಾಂಟು ಮಡಿಸಿಕೊಂಡು ನಿಂತಿದ್ದ.

ಸುದ್ದಿ ಕೇಳಿ ಮೇಸ್ತ್ರಿ ಓಡಿ ಬರುವಷ್ಟರಲ್ಲಿ ಲ್ಯಾಬಮ್ಮ ಅಲ್ಲಿದ್ದಳು. ಗಾಳಿ ಅಳೆಯುವ ಪುಟ್ಟ ಯಂತ್ರವನ್ನು ದಾರ ಕಟ್ಟಿ ತೊಟ್ಟಿಯೊಳಗೆ ಇಳಿಬಿಟ್ಟಿದ್ದಳು. ಅದು ಕಿರ್ರೋ ಎಂದು ಅರಚಿಕೊಳ್ಳುತ್ತಿತ್ತು.

"ಒಳಗೆ ಆಮ್ಲಜನಕ ಇಲ್ಲ ಸರ್" ಅಂದಳು. "ಹುಳ ಬಿಟ್ಟ ನೈಟ್ರೋಜನ್ ತುಂಬಿದೆ. ಯಾರೂ ಇಳಿಯೋ ಹಾಗಿಲ್ಲ."

"ಆ ಯಂತ್ರದ್ದು ಬ್ಯಾಟರಿ ಸರಿ ಇಲ್ಲ, ಯಾವಾಗ್ಲೂ ಕೂಗ್ತಿರತ್ತೆ" ಅಂದ ಮ್ಯಾನೇಜರ್. ಬಗ್ಗಿ ಒಮ್ಮೆ ಮೂಸಿದ. "ನೋಡಿ, ಒಂಚೂರು ವಾಸನೆ ಇಲ್ಲ. ವಿಷ ಆಗಿದ್ರೆ ನಾರ್ತಿರಲಿಲ್ವಾ? ನೈಟ್ರೋಜನ್ ನಾವು ದಿನಾ ಉಸಿರಾಡೋ ಗಾಳೀಲೇ ಇದೆ, ಸ್ಕೂಲ್ ಮಕ್ಕಳಿಗೂ ಗೊತ್ತು."

"ಅದೊಂದೇ ಇದ್ರೆ ವಿಷಾನೇ ಬೇಡ ಸರ್. ಎರಡು ಸಲ ಉಸಿರೆಳೆಯೋದ್ರಲ್ಲಿ ಬಿದ್ದೋಗ್ತಾನೆ. ಬಿದ್ದಿದ್ದು ಅವನಿಗೇ ಗೊತ್ತಾಗಲ್ಲ."

"ಗಾಳಿ ಬಿಡೋಣ" ಎಂದ ಮೇಸ್ತ್ರಿ, ಏದುಸಿರು ಬಿಡುತ್ತ. "ಫ್ಯಾನ್ ಸುಟ್ಟಾಕಿದೀರಲ್ಲ, ತಳದ ಕೊಳವೇಲಾದ್ರೂ ಬಿಡೋಣ."

ಮ್ಯಾನೇಜರ್ ಗೋಡೆಯ ಕಡೆ ಕೈ ತೋರಿಸಿದ. "ಏನ್ ಬರೆದಿದೆ ಓದ್ರೀ. ಗಾಳಿ ಬಿಟ್ರೆ ಬ್ಯಾಕ್ಟೀರಿಯಾ ಸಾಯತ್ತೆ ಅಂತ ನೀವುಗಳೇ ಅಲ್ವಾ ಬರೆಸಿದ್ದು? ಮಧ್ಯಾಹ್ನ ಅವರು ಬಂದಾಗ ನಾನು ಸತ್ತ ಹುಳ ತೋರಿಸ್ಲಾ? ಎರಡೇ ನಿಮಿಷದ ಕೆಲಸ. ಏಯ್, ಇಳಿಯಯ್ಯ!"

ಎರಡೇ ನಿಮಿಷದ ಕೆಲಸ. ಊರು ಬೇರೆ, ಬಾಯಿ ಬೇರೆ, ಮಾತು ಮಾತ್ರ ಅದೇ. ಇವರಿಗೆಲ್ಲ ಈ ಮಾತನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೋ! ಅಷ್ಟರಲ್ಲಿ ಕೊಕ್ಕರೆ ಏಣಿಯ ಮೇಲೆ ಒಂದು ಕಾಲಿಟ್ಟಿದ್ದ. ಮೇಸ್ತ್ರಿ ಹಾರಿ ಅವನ ಕಾಲರು ಹಿಡಿದ.

"ಬಿಡು ಮೇಸ್ತ್ರಿ" ಎಂದು ಕೊಕ್ಕರೆ ಪಿಸುಗುಟ್ಟಿದ. "ಸಾಹೇಬ್ರು ಖಾಯಂ ಮಾಡಿಸ್ತೀನಿ ಅಂದಿದಾರೆ. ಉಸಿರು ಬಿಗಿಹಿಡಿದು ಹೋಗಿ ಬಂದ್ಬಿಡ್ತೀನಿ."

"ನಮ್ಮಣ್ಣನೂ ಹಾಗೇ ಅಂದ್ಕೊಂಡಿದ್ದ ಕಣೋ ಮುಠ್ಠಾಳ! ಮೇಲೆ ಬಾ! ಬರ್ತೀಯೋ ಇಲ್ವೋ!"

ಒಬ್ಬ ಕೆಳಕ್ಕೆ ಜಗ್ಗುತ್ತಾನೆ, ಒಬ್ಬ ಮೇಲಕ್ಕೆ ಎಳೆಯುತ್ತಾನೆ. ಮ್ಯಾನೇಜರ್ ಮೇಸ್ತ್ರಿಯ ಕೆಲಸ ತೆಗೆಸುತ್ತೇನೆ ಎಂದು ಅರಚುತ್ತಾನೆ. ಸುತ್ತ ನಿಂತವರು ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಈ ಗಲಾಟೆಯ ನಡುವೆ ಲ್ಯಾಬಮ್ಮ ಅಲ್ಲಿಂದ ಹೊರಟುಹೋದಳು. ಮೇಸ್ತ್ರಿಗೆ ಅವಳ ಬೆನ್ನು ಕಂಡಿತು. ಹೋದಳಾ? ಹೋಗಲಿ. ಎಷ್ಟಾದರೂ ಅವಳು ಸಾಕಿದ ಹುಳ, ಅವಳು ಬರೆಸಿದ ಗೋಡೆ ಬರಹ. ಎಲ್ಲರೂ ಒಂದೇ, ಸಾಯುವವನು ಮಾತ್ರ ಬೇರೆ. ಅವನಿಗೆ ಅಳು ಬರುವಷ್ಟು ಸಿಟ್ಟು ಬಂತು. ಆದರೆ ಕಾಲರು ಬಿಡಲಿಲ್ಲ.

ಲ್ಯಾಬಮ್ಮ ತಿರುಗಿ ಬಂದಳು. ಕೈಯಲ್ಲಿ ವಾಲ್ವಿನ ಹಿಡಿಕೆಯಿತ್ತು.

"ತಗೊಳ್ಳಿ ಮೇಸ್ತ್ರಿ" ಅಂದಳು. "ಪೂರ್ತಿ ಬಿಡಿ."

ಮೇಸ್ತ್ರಿ ಹಿಡಿಕೆ ನೋಡಿದ, ಅವಳ ಮುಖ ನೋಡಿದ. "ತಾಯಿ, ಎಲ್ಲ ಹೋಗತ್ತೆ."

"ಹೋಗಲಿ. ಈಗ ನೀವು ತಡೀತೀರಿ. ನೀವು ಆ ಕಡೆ ತಿರುಗಿದ ತಕ್ಷಣ ಇವರು ಇಳಿಸ್ತಾರೆ, ಇವನಲ್ದಿದ್ರೆ ಇನ್ನೊಬ್ಬನ್ನ. ಒಳಗೆ ಇವು ಕೆಂಪಗಿರೋವರೆಗೂ ಬಿಡಲ್ಲ. ನಾನು ಸಾಕಿದ್ದು ಇದಕ್ಕಲ್ಲ."

"ನಿಮಗೇನಾದ್ರೂ ತಲೆ ಕೆಟ್ಟಿದೆಯಾ?" ಎಂದು ಮ್ಯಾನೇಜರ್ ಅಡ್ಡ ಬಂದ. ಅವಳು ಅವನನ್ನು ಬಳಸಿಕೊಂಡು ಹೋಗಿ, ಕೊಕ್ಕರೆಯ ಇನ್ನೊಂದು ತೋಳು ಹಿಡಿದು ಮೇಲಕ್ಕೆಳೆದು, ಏಣಿಯ ಬಾಯಿಗೆ ಅಡ್ಡವಾಗಿ ತಾನೇ ಕೂತಳು.

ಮೇಸ್ತ್ರಿ ಹಿಡಿಕೆ ಕೂರಿಸಿ ತಿರುಗಿಸಿದ. ಇಷ್ಟು ದಿನ ಕೈ ತಾಗದ ವಾಲ್ವು ಮೊದಲು ಮೊಂಡು ಹಿಡಿಯಿತು, ಆಮೇಲೆ ಸಡಿಲಾಯಿತು. ಬ್ಲೋವರಿನ ಗಾಳಿ ತಳದಿಂದ ಭೋರೆಂದು ನುಗ್ಗಿತು. ಕೆಂಪು ಹರಳುಗಳೆಲ್ಲ ಒಮ್ಮೆಲೇ ಮೇಲಕ್ಕೆದ್ದು ಕುದಿಯುವ ಹಾಗೆ ಹೊರಳಾಡಿದವು. ಇಡೀ ತೊಟ್ಟಿ ಅಷ್ಟು ಕೆಂಪಗೆ ಕಂಡಿದ್ದು ಅದೇ ಕೊನೆ. ಲ್ಯಾಬಮ್ಮ ಕಣ್ಣು ತೆಗೆಯದೆ ನೋಡುತ್ತಿದ್ದಳು. ಮೇಸ್ತ್ರಿಗೆ ಅದನ್ನು ನೋಡಲಾಗಲಿಲ್ಲ. ಗೋಡೆಯ ಕಡೆ ತಿರುಗಿ ನಿಂತ.

ಬಹಳ ಹೊತ್ತಿನ ಮೇಲೆ ಯಂತ್ರದ ಅರಚಾಟ ನಿಂತಿತು. ಮತ್ತೊಮ್ಮೆ, ಮತ್ತೊಂದು ಮೂಲೆಯಲ್ಲಿ ಇಳಿಬಿಟ್ಟು ನೋಡಿದರು. ಮುಂದಿನ ಬೀಜಕ್ಕಾದರೂ ರೆಕ್ಕೆ ಬಿಡಿಸಲೇಬೇಕಿತ್ತು. ಗಾಳಿ ಓಡುತ್ತಿರುವಾಗಲೇ ಕೊಕ್ಕರೆಯ ಸೊಂಟಕ್ಕೆ ಹಗ್ಗ ಬಿಗಿದು, ಹಗ್ಗದ ತುದಿಯನ್ನು ಮೇಸ್ತ್ರಿ ತನ್ನ ಸೊಂಟಕ್ಕೇ ಸುತ್ತಿಕೊಂಡು ಅವನನ್ನು ಇಳಿಸಿದ. ಕೊಕ್ಕರೆ ಒಳಗಿನಿಂದ ಏನೇನೋ ಹರಟುತ್ತಲೇ ಇದ್ದ. ಮಾತು ನಿಲ್ಲಿಸಿದರೆ ಒದೆಯುತ್ತೇನೆ ಎಂದು ಮೇಸ್ತ್ರಿ ಹೇಳಿ ಕಳಿಸಿದ್ದ. ರೆಕ್ಕೆಗೆ ಸುತ್ತಿಕೊಂಡದ್ದನ್ನು ಬಿಡಿಸಿ ಮೇಲೆ ತಂದ. ನೀಲಿ ಬಣ್ಣ ಮೆತ್ತಿದ ದೊಡ್ಡ ಬಟ್ಟೆ. ಮುಚ್ಚಳಕ್ಕೆ ಬಣ್ಣ ಬಳಿದವರು ಕೈ ಒರೆಸಿ ಕಿಂಡಿಯಲ್ಲಿ ಬೀಳಿಸಿದ್ದು. ಮೇಸ್ತ್ರಿ ಅದನ್ನು ಹಿಂಡಿ, ಮಡಿಸಿ, ಮ್ಯಾನೇಜರನ ಕಾಲ ಬಳಿ ಇಟ್ಟ.

"ಅಷ್ಟು ದಿನದ ಕೆಲಸಾನ ಮಣ್ಣುಪಾಲು ಮಾಡಿದ್ರಲ್ರೀ!" ಎಂದ ಮ್ಯಾನೇಜರ್. ಆ ಮಾತು ಹೇಳಲು ಅವನಿಗೆ ನಾಚಿಕೆಯಾಗಲಿಲ್ಲ.

ಮಧ್ಯಾಹ್ನ ದೊಡ್ಡವರು ಬಂದರು. ಮ್ಯಾನೇಜರ್ ಅವರನ್ನು ಕೆಂಪು ತೊಟ್ಟಿಯ ಹತ್ತಿರ ಬಿಡದೆ ಮಾಮೂಲು ಗಾಳಿತೊಟ್ಟಿಯ ಮುಂದೆ ನಿಲ್ಲಿಸಿದ. ಕಂದು ನೀರು ಗುಳುಗುಳು ಎನ್ನುತ್ತಿತ್ತು. "ಇದೇ ಸರ್ ಹೊಸ ವಿಧಾನ" ಎಂದ. "ಗಾಳಿಯೇ ಬೇಡ ಅಂದ್ರಲ್ಲ?" ಎಂದು ಒಬ್ಬರೂ ಕೇಳಲಿಲ್ಲ. ಗುಳ್ಳೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು, ಅದ್ಭುತ ಅಂದರು, ಹೂಕುಂಡಗಳನ್ನು ಮೆಚ್ಚಿದರು, ಹೋದರು. ಇವರಿಗೆ ತೋರಿಸಲೆಂದು ಒಬ್ಬ ಮನುಷ್ಯನನ್ನು ಕೊಲ್ಲಲು ಹೊರಟಿದ್ದರು! ಮೇಸ್ತ್ರಿ ಬ್ಲೋವರ್ ಕೋಣೆಯಲ್ಲಿ ಕೂತು ಹಲ್ಲು ಕಡಿದ. ಆ ದಿನ ಅವನು ಡಬ್ಬಿ ತೆರೆಯಲೇ ಇಲ್ಲ.

ಸಂಜೆ ಹಿಡಿಕೆ ಹಿಡಿದುಕೊಂಡು ಲ್ಯಾಬಿಗೆ ಹೋದ. ಲ್ಯಾಬಮ್ಮ ಬೀಜ ಕೇಳಿ ಆ ದೂರದ ಪ್ಲಾಂಟಿನವರಿಗೆ ಆಗಲೇ ಫೋನು ಮಾಡಿ ಮುಗಿಸಿದ್ದಳು. ಅಲ್ಲಿಯವರು ಆರು ತಿಂಗಳು ಕಾಯಬೇಕು ಅಂದರಂತೆ. ಕಣ್ಣು ಕೆಂಪಾಗಿತ್ತು, ಮಾತು ಎಂದಿನಂತೆಯೇ ಇತ್ತು.

ಮೇಸ್ತ್ರಿ ಹಿಡಿಕೆಯನ್ನು ಮೇಜಿನ ಮೇಲಿಟ್ಟ. "ಡ್ರಾಯರಿಗೆ ಹಾಕ್ಕೊಳ್ಳಿ ತಾಯಿ. ಮುಂದಿನ ಸಲಕ್ಕೆ."

ಅವಳು ಅದನ್ನು ಮತ್ತೆ ಅವನ ಕಡೆಗೇ ತಳ್ಳಿದಳು. "ಬೇಡ. ವಾಲ್ವಿಗೇ ಹಾಕಿಡಿ. ಇನ್ಮೇಲೆ ಅದು ಅಲ್ಲೇ ಇರಬೇಕು."

"ನಾನು ಮತ್ತೆ ಏನಾದ್ರೂ ಎಡವಟ್ಟು ಮಾಡಿದ್ರೆ?"

"ಮಾಡಿದ್ರೆ ಬೈತೀನಿ."

ಮೇಸ್ತ್ರಿ ಲ್ಯಾಬಿನ ಕಿಟಕಿ ತೆರೆಯಲು ಹೋದ, ಅದು ತೆರೆದೇ ಇತ್ತು; ಇನ್ನಷ್ಟು ನೂಕಿದ. "ಅವತ್ತೂ ಫ್ಯಾನು ಅಲ್ಲೇ ಲಾರೀಲೇ ಇತ್ತು ತಾಯಿ" ಎಂದ, ಹೊರಗೆ ನೋಡುತ್ತ. "ನೀವು ಹಿಡಿಕೆ ತಂದ ಹಾಗೆ ನಮ್ಮಣ್ಣನಿಗೆ ಅದನ್ನ ತಂದುಕೊಡೋರು ಒಬ್ಬರೂ ಇರಲಿಲ್ಲ."